ಮರೆಯಕ್ಕನ ಚಾದರ

ಮರೆಯಕ್ಕನಿಗೆ ಗಿರಣಿಯಿಂದ ಅರ್ಧ ದಿನದ ಕೂಲಿ ಇನ್ನೂ ಬರಬೇಕು. ಉಚ್ಚೆ ಹೊಯ್ಯಲು ಹೋಗಿದ್ದಳು ಅಂತ ಮುರಿದುಕೊಂಡ ಕೂಲಿ. ಈಗ ಗಿರಣಿಯೂ ಇಲ್ಲ, ಅಕ್ಕನೂ ಇಲ್ಲ.

ಮೊನ್ನೆ ಶಾಲೆಯ ಮಕ್ಕಳು ಹಳೇ ಕಾಲದ ಬದುಕು ಹೇಗಿತ್ತು ಅಂತ ನನ್ನನ್ನು ಕೇಳಲು ಬಂದಿದ್ದರು. ಏನು ತಿಂತಿದ್ರಿ, ಏನು ಉಡ್ತಿದ್ರಿ ಎಲ್ಲ ಮುಗಿದ ಮೇಲೆ ಒಬ್ಬಳು ಹುಡುಗಿ, ಗಿರಣಿಯಲ್ಲಿ ಹೆಂಗಸರು ಎಲ್ಲಿಗೆ ಹೋಗ್ತಿದ್ರಿ ಅಂದಳು. ಟೀಚರ್ ಕೆಮ್ಮಿದರು. ನನಗೆ ಖುಷಿಯಾಯಿತು.

ಗಂಡಸರಿಗೆ ಗೋಡೆ ಇತ್ತು. ನಾವು ಬೆಳಗಿನಿಂದ ನೀರೇ ಮುಟ್ಟುತ್ತಿರಲಿಲ್ಲ. ತೀರಾ ತಡೆಯದಾದಾಗ ಐದಾರು ಮಂದಿ ಒಟ್ಟಿಗೆ ಹತ್ತಿಯ ಗೋದಾಮಿನ ಹಿಂದಕ್ಕೆ ಹೋಗುವುದು, ನಮ್ಮಲ್ಲಿ ಹಿರಿಯಳೊಬ್ಬಳು ಎರಡೂ ಕೈಯಲ್ಲಿ ಚಾದರ ಎತ್ತಿ ಮರೆ ಹಿಡಿಯುವುದು. ಮರೆಯಕ್ಕ ಅಂತ ಅವಳಿಗೆ ಹೆಸರು ಬಿದ್ದದ್ದು ಹಾಗೆ. ಬೇಗ ಮುಗಿಸ್ರೇ, ನನ್ನ ಕೈಯೇನು ಕಬ್ಬಿಣದ್ದಾ ಅಂತ ಬೈಯುತ್ತಲೇ ಹಿಡಿದಿರುತ್ತಿದ್ದಳು.

ಒಂದು ವರ್ಷ ಅವಳ ಸೊಸೆ ಬಸುರಿ, ಕೆಲಸ ನಮ್ಮ ಜೊತೆಗೇ. ನೀರು ಕುಡಿಯದೆ ಉರಿಮೂತ್ರ ಹತ್ತಿ ಜ್ವರ ಬಂತು. ಹೀಗೇ ಇದ್ದರೆ ಮಗು ಉಳಿಯುವುದು ಕಷ್ಟ, ಹೊಟ್ಟೆ ತುಂಬ ನೀರು ಕುಡಿಸಿ ಅಂದರು ಡಾಕ್ಟರು. ಕುಡಿದರೆ ಹೋಗಬೇಕು, ಹೋದರೆ ಮೇಸ್ತ್ರಿ ಕೂಲಿ ಮುರಿಯುತ್ತಾನೆ. ಒಂದೇ ದಿನ ಎರಡು ಸಲ ಸೊಸೆಯನ್ನು ಕರೆದುಕೊಂಡು ಹೋದದ್ದಕ್ಕೆ ಅತ್ತೆಯ ಅರ್ಧ ದಿನ ಹೋಯಿತು.

ಅವಳು ಜಗಳಕ್ಕೆ ನಿಲ್ಲಲಿಲ್ಲ. ಸೊಸೆಯನ್ನೂ ನಮ್ಮನ್ನೂ ಕಟ್ಟಿಕೊಂಡು ನೇರ ಮ್ಯಾನೇಜರ್ ಕೋಣೆಗೆ ನುಗ್ಗಿ, ಮೂಲೆಯಲ್ಲಿ ಚಾದರ ಎತ್ತಿದಳು.

"ಸ್ವಾಮಿ, ಸ್ವಲ್ಪ ಆ ಕಡೆ ತಿರುಗಿ. ಗೋದಾಮಿಗೆ ಹೋದ್ರೆ ಹೊತ್ತು ಹಾಳಂತೆ. ಇನ್ಮೇಲೆ ಇಲ್ಲೇ."

ಸೊಸೆ ಚಾದರದ ಹಿಂದೆ ಕೂತೇಬಿಟ್ಟಳು. ಮ್ಯಾನೇಜರು ಕನ್ನಡಕ ಮೇಜಿನ ಮೇಲೇ ಬಿಟ್ಟು ಹೊರಗೋಡಿದ. ಮಾರನೇ ದಿನವೂ ಹೋದೆವು, ಅದರ ಮಾರನೇ ದಿನವೂ. ವಾರ ತುಂಬುವ ಮೊದಲೇ ಗೋದಾಮಿನ ಪಕ್ಕ ಇಟ್ಟಿಗೆ ಬಂದು ಬಿತ್ತು.

ಹೆಂಗಸರಿಗೆ ಅಂತಲೇ ಒಂದು ಕೋಣೆ ಎದ್ದಿತು. ಗಟ್ಟಿ ಬಾಗಿಲು, ಒಳಗೆ ಚಿಲಕ. ಮೊದಲು ಸೊಸೆ ಹೋದಳು. ಮರೆಯಕ್ಕ ಹೊರಗೆ, ಮುಚ್ಚಿದ ಬಾಗಿಲಿಗೆ ಅಡ್ಡವಾಗಿ ಚಾದರ ಹಿಡಿದು ನಿಂತಿದ್ದಾಳೆ. ನಾವು ಬಿದ್ದು ಬಿದ್ದು ನಕ್ಕ ಮೇಲೆಯೇ ಅವಳಿಗೆ ಹೊಳೆದದ್ದು. ಚಾದರ ಮಡಚಿ ಹೆಗಲಿಗೆ ಹಾಕಿಕೊಂಡಳು.

"ನಿಧಾನಕ್ಕೆ ಬಾರೇ. ಇನ್ನು ಅವಸರ ಇಲ್ಲ."

ಆ ಮಧ್ಯಾಹ್ನ ಸೊಸೆ ನಮ್ಮೆದುರೇ ಒಂದು ಚೊಂಬು ನೀರು ಗಟಗಟ ಕುಡಿದಳು. ಮಗು ನೆಟ್ಟಗೆ ಹುಟ್ಟಿತು. ಗಿರಣಿಯ ಸೈರನ್ನಿಗಿಂತ ಜೋರು ಗಂಟಲು.

ಇಷ್ಟನ್ನೂ ಆ ಹುಡುಗಿ ಹಳೇ ಕಾಲದ ಸಂಗತಿ ಅಂತ ಬರೆದುಕೊಂಡು ಹೋದಳು. ನನಗೆ ಅನುಮಾನ. ನೀವು ಬಟ್ಟೆ ಕೊಳ್ಳುವ ಅಂಗಡಿಯಲ್ಲಿ ಬಟ್ಟೆ ತೋರಿಸುತ್ತ ದಿನವಿಡೀ ಒಬ್ಬಳು ನಿಂತಿರುತ್ತಾಳಲ್ಲ, ಅವಳು ಎಲ್ಲಿಗೆ ಹೋಗುತ್ತಾಳೆ? ಅವಳನ್ನು ಕೇಳಿ ಮುಜುಗರ ಮಾಡಬೇಡಿ. ಮಾಲೀಕನನ್ನು ಕೇಳಿ. ಚಿಲಕವಿರುವ ಬಾಗಿಲು ತೋರಿಸುವ ತನಕ ದುಡ್ಡು ಬಿಚ್ಚಬೇಡಿ.