ಹನ್ನೊಂದಕ್ಕೆ ಮಾಯವಾಗುವ ಊತ

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕಾಜಕ್ಕ ಅಂತಲೇ ಕರೆಯುತ್ತಿದ್ದರು. ಗುಂಡಿಗೆ ಕಾಜ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅಂಗಡಿಗೆ ಕಾಜದ ಮಿಷನ್ ಬಂದ ಮೇಲೂ ಒಳ್ಳೆಯ ಕೋಟುಗಳನ್ನು ಮಾಸ್ಟರು ಅವಳ ಮುಂದೆಯೇ ತಂದಿಡುತ್ತಿದ್ದರು.

ನಲವತ್ತೊಂದರ ವಯಸ್ಸಿನಲ್ಲಿ, ಒಂದು ದಿನ ಬೆಳಿಗ್ಗೆ ಎದ್ದವಳಿಗೆ ಬೆರಳು ಮಡಚಲಾಗಲಿಲ್ಲ. ಗೆಣ್ಣುಗಳು ಊದಿದ್ದವು, ಹಲ್ಲುಜ್ಜುವ ಬ್ರಷ್ಷು ಜಾರಿ ಬಿತ್ತು. ಹತ್ತು ಗಂಟೆಯ ಹೊತ್ತಿಗೆ ಎಲ್ಲ ಸಡಿಲವಾಯಿತು. ಮರುದಿನವೂ ಹಾಗೇ. ತಿಂಗಳು ಕಳೆದರೂ ಹಾಗೇ.

ಆಸ್ಪತ್ರೆಯಲ್ಲಿ ಡಾಕ್ಟರು ಕೂರುವುದೇ ಹನ್ನೊಂದಕ್ಕೆ. ಅವಳ ಸರದಿ ಬರುವಷ್ಟರಲ್ಲಿ ಊತ ಇಳಿದಿರುತ್ತಿತ್ತು.

"ಮುಷ್ಟಿ ಕಟ್ಟಿ. ಬಿಚ್ಚಿ. ಚೆನ್ನಾಗೇ ಇದೆಯಲ್ಲಮ್ಮ?"

"ಬೆಳಿಗ್ಗೆ ಲೋಟ ಹಿಡಿಯೋಕೂ ಆಗಲ್ಲ ಡಾಕ್ಟ್ರೇ."

"ರಕ್ತದ ರಿಪೋರ್ಟು ನಾರ್ಮಲ್ ಇದೆ. ಟೆನ್ಷನ್ ಮಾಡ್ಕೋಬೇಡಿ, ಸ್ವಲ್ಪ ತೂಕ ಇಳಿಸಿ."

ಹೀಗೇ ಮೂರು ವರ್ಷ. ತಲೆ ಬಾಚಿ ಅಚ್ಚುಕಟ್ಟಾಗಿ ಹೋದರೆ "ನಿಮಗೇನು ಆಗಿದೆ, ಆರಾಮಾಗಿದ್ದೀರಿ" ಅನ್ನುತ್ತಿದ್ದರು. ಒಮ್ಮೆ ತಡೆಯಲಾರದೆ ಅತ್ತಳು. ಮನಸ್ಸಿನ ಕಾಯಿಲೆಗೆ ಮಾತ್ರೆ ಬರೆದುಕೊಟ್ಟರು. ಅದಾದ ಮೇಲೆ ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನೆ ಕೂತಳು. "ಈಗ ಪರವಾಗಿಲ್ಲ" ಅಂತ ಚೀಟಿಯಲ್ಲಿ ಬರೆದರು.

ಒಂದು ಸಲ ಗಂಡನನ್ನೂ ಕರೆದುಕೊಂಡು ಹೋದಳು. ಡಾಕ್ಟರು ಅವಳ ಕಡೆ ನೋಡದೆ ಅವನನ್ನೇ ಕೇಳಿದರು, "ಮನೇಲಿ ಏನಾದ್ರೂ ಬೇಜಾರಾ?" ಅಂದಿನಿಂದ ಅವನ ಮಾತೂ ಬದಲಾಯಿತು. "ರಿಪೋರ್ಟು ಸುಳ್ಳು ಹೇಳುತ್ತದೇನೇ? ನೀನೇ ಇಲ್ಲದ್ದನ್ನ ಹಚ್ಚಿಕೊಂಡಿದ್ದೀಯ." ಡಾಕ್ಟರು ನಂಬದಿದ್ದುದಕ್ಕಿಂತ ಇದು ಅವಳಿಗೆ ಹೆಚ್ಚು ನೋವು ಕೊಟ್ಟಿತು. ಬೆಳಿಗ್ಗೆ ಅವನು ಏಳುವ ಮುಂಚೆಯೇ ಬಚ್ಚಲಿಗೆ ಹೋಗಿ, ಚಿಲಕ ಹಾಕಿಕೊಂಡು, ಬಿಸಿನೀರಿನಲ್ಲಿ ಕೈ ಅದ್ದಿ ಕೂರುತ್ತಿದ್ದಳು.

ಮಗಳೊಬ್ಬಳೇ ನಂಬಿದಳು. ಊದಿದ ಬೆರಳುಗಳ ವಿಡಿಯೋ ತೆಗೆದುಕೊಟ್ಟಳು. "ಮೊಬೈಲ್ ನೋಡ್ತಾ ಕೂರೋಕಾಗುತ್ತಾ? ಹೊರಗೆ ಅರವತ್ತು ಜನ ಇದ್ದಾರಮ್ಮ," ಅಂದರು ಡಾಕ್ಟರು.

ಕೊನೆಗೆ ಒಂದು ದಿನ ಕಾಜಕ್ಕ ಬೆಳಗಿನ ಆರು ಗಂಟೆಗೇ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕೂತಳು. ರಾತ್ರಿ ಪಾಳಿ ಮುಗಿಸಿ ಹೊರಟಿದ್ದ ಕಿರಿಯ ಡಾಕ್ಟರಮ್ಮ ಕೇಳಿದಳು, "ಇಷ್ಟು ಬೇಗ ಯಾಕೆ ಬಂದ್ರಿ? ಡಾಕ್ಟರು ಬರೋದು ಹನ್ನೊಂದಕ್ಕೆ."

"ಆಗ ಇದು ಇರಲ್ಲ ತಾಯಿ. ಈಗಲೇ ನೋಡಿ," ಅಂತ ಎರಡೂ ಕೈ ಮುಂದೆ ಚಾಚಿದಳು.

ಹೆಗಲಿನ ಚೀಲ ಕೆಳಗಿಟ್ಟು ಡಾಕ್ಟರಮ್ಮ ಒಂದೊಂದೇ ಗೆಣ್ಣು ಒತ್ತಿ ನೋಡಿದಳು. ಮೂರನೆಯದಕ್ಕೆ ಕಾಜಕ್ಕ ಚೀರಿದಳು. ಡಾಕ್ಟರಮ್ಮ ಅಲ್ಲೇ ಬೆಂಚಿನ ಮೇಲೆ ಕೂತು, ಕೀಲುರೋಗದ ತಜ್ಞರಿಗೆ ಕಾಗದ ಬರೆದುಕೊಟ್ಟಳು.

ತಜ್ಞರು ಎಕ್ಸ್‌ರೇ ಬೆಳಕಿಗೆ ಹಿಡಿದರು. ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳದ ಕೀಲುವಾತವೂ ಉಂಟು, ಇದು ಅದೇ, ಆಗಲೇ ಮೂಳೆ ಸವೆದಿದೆ ಅಂದರು. "ಮೊದಲೇ ಬಂದಿದ್ದರೆ..." ಅಂದರು.

"ಮೊದಲೇ ಬಂದಿದ್ದೆ," ಅಂದಳು ಕಾಜಕ್ಕ.

ಮಾತ್ರೆಯಿಂದ ನೋವು ಅರ್ಧ ಇಳಿಯಿತು. ಬಲಗೈಯ ಎರಡು ಬೆರಳು ಮಾತ್ರ ಸೊಟ್ಟಗೇ ಉಳಿದವು. ಸೂಜಿ ಹಿಡಿಯುವ ಕೆಲಸ ಹೋಯಿತು. ಈಗ ಅಂಗಡಿಯಲ್ಲಿ ಹೊಲಿದ ಬಟ್ಟೆ ಮಡಿಸಿಡುತ್ತಾಳೆ.

ಆ ಮಾತ್ರೆ ಸಿಗುವುದು ಹಳೆಯ ಆಸ್ಪತ್ರೆಯಲ್ಲೇ, ಅದಕ್ಕೆ ತಿಂಗಳು ತಿಂಗಳು ಆ ಹಳೆಯ ಡಾಕ್ಟರ ಸಹಿಯೇ ಬೇಕು. ಮೊದಲ ಸಲ ಹೋದಾಗ ಅವರು ಫೈಲು ತಿರುವಿ ಹಾಕಿ, "ನಂಗೆ ಆಗಲೇ ಅನುಮಾನ ಇತ್ತು ನೋಡಿ," ಅಂದರು.

ಅವಳು ಮೇಜಿನ ಕಡೆ ನೋಡಿದಳು. ಚೀಟಿ ಇನ್ನೂ ಸಹಿಯಾಗದೆ ಅವರ ಪೆನ್ನಿನ ಕೆಳಗಿತ್ತು.

"ಹೂಂ ಡಾಕ್ಟ್ರೇ," ಅಂದಳು.