ಹಗಲಲ್ಲಿ ಹಿಡಿದ ಬೆಳ್ಳಿ

ನಾನು ಮಸ್ಕಿಯ ಮಗಳು, ಲಿಂಗಸುಗೂರಿನ ಸೊಸೆ. ಗಂಡ ಅಲ್ಲಿನ ಶಾಲೆಯಲ್ಲಿ ವಿಜ್ಞಾನದ ಮಾಸ್ತರರು. ಕೂತಲ್ಲಿ ಕೂರುವ ಮನುಷ್ಯರಲ್ಲ. ಊಟಕ್ಕೆ ಕುಳಿತಾಗಲೂ ಒಂದು ಮೊಣಕಾಲು ಅಲುಗುತ್ತಲೇ ಇರುತ್ತಿತ್ತು. ಆ ಬೇಸಿಗೆಯಲ್ಲಿ ಕಾಲುವೆಯ ಅಳತೆಗೆ ಬಂದಿದ್ದ ಓವರ್‌ಸಿಯರ್ ಒಬ್ಬರಿಂದ ದುರ್ಬೀನು ಕೇಳಿ ತಂದರು. ಓವರ್‌ಸಿಯರ್ ಸಿಂಧನೂರಿಗೆ ಹೊರಟು ನಿಂತಿದ್ದರು, ವಾರದೊಳಗೆ ಅಲ್ಲಿಗೇ ತಲುಪಿಸಬೇಕಿತ್ತು.

ಅಂದಿನಿಂದ ನಮ್ಮ ಮಾಳಿಗೆಗೆ ನೆಮ್ಮದಿಯಿಲ್ಲ. ಮೊದಲು ಸೂರ್ಯ. ದುರ್ಬೀನಿಗೆ ಕಣ್ಣಿಟ್ಟು ಅವನನ್ನು ನೋಡಿದರೆ ಕಣ್ಣೇ ಹೋಗುತ್ತದೆಂದು, ಹಿಂದೆ ಬಿಳಿ ಕಾಗದ ಹಿಡಿದು, ಅದರ ಮೇಲೆ ಬಿದ್ದ ಬಿಂಬದ ಫೋಟೊವನ್ನು ತಮ್ಮ ಹಳೆಯ ಕ್ಯಾಮೆರಾದಲ್ಲಿ ತೆಗೆದರು. ರೊಟ್ಟಿಯಂಥ ದುಂಡು, ಅಂಚಿನ ಬಳಿ ಸಾಸಿವೆಯಷ್ಟು ಕಪ್ಪು ಕಲೆ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು.

"ಬೆಳ್ಳಿನೂ ಹಗಲಾಗ ಹಿಡೀಬೇಕು," ಎಂದರು.

ಬೆಳಗಿನ ಬೆಳ್ಳಿಚುಕ್ಕಿ, ಅಂದರೆ ಶುಕ್ರ, ಹೊತ್ತು ಮೂಡಿದ ಮೇಲೂ ಮೇಲೆಯೇ ಇರುತ್ತದಂತೆ, ಎಲ್ಲಿದೆಯೆಂದು ಗೊತ್ತಿಲ್ಲದೆ ನಮಗೆ ಕಾಣುವುದಿಲ್ಲವಷ್ಟೆ. ಎರಡು ದಿನ ಆ ನೀಲಿಯೊಳಗೆ ಹುಡುಕಿದರು. ಸಿಗಲಿಲ್ಲ. ಮಧ್ಯಾಹ್ನ ಅಡ್ಡಾದವರು ದಡಕ್ಕನೆ ಎದ್ದು, "ನಸುಕಿನಾಗ ಹಿಡಿದು, ಬಿಡದಂಗ ಬೆನ್ನು ಹತ್ತೋಣು," ಎಂದರು.

ಹಾಗೇ ಮಾಡಿದೆವು. ದುರ್ಬೀನಿನೊಳಗೆ ಅದು ಚುಕ್ಕಿಯಲ್ಲ, ಬಿದಿಗೆ ಚಂದ್ರನಂಥ ಪುಟ್ಟ ಕುಡುಗೋಲು! ಕ್ಷಣ ಮೈಮರೆತರೆ ಜಾರಿಹೋಗುವುದು. ಕೊಳವೆಯನ್ನು ಕೂದಲೆಳೆಯಷ್ಟು ಸರಿಸುತ್ತಲೇ ಇರಬೇಕು. ಬಿಸಿಲೇರಿತು. ಬೆಳ್ಳಿ ಮಸುಕಾಯಿತು, ಆದರೆ ಹೋಗಲಿಲ್ಲ. ಅದನ್ನು ನನಗೊಪ್ಪಿಸಿ ಅವರು ಕ್ಯಾಮೆರಾಕ್ಕೆ ಪ್ಲೇಟು ತುಂಬಲು ಕತ್ತಲ ಕೋಣೆಗಿಳಿದರು.

ಆಗಲೇ ಬಾಗಿಲಲ್ಲಿ ನನ್ನ ಸೋದರಮಾವನ ದನಿ. "ಅವ್ವಾ, ನಿಮ್ಮಪ್ಪಗ ಎದಿನೋವು ಬಂದೈತಿ! ಮಸ್ಕಿ ಬಸ್ ಹೊಂಟೈತಿ, ಲಗೂನ ಬಾ!"

ಕಾಲು ಮೆಟ್ಟಿಲ ಕಡೆ ಎಳೆಯಿತು. ಕೈ ಕೊಳವೆ ಬಿಡಲಿಲ್ಲ. "ಏನ್ರೀ, ಬರ್ರಿ!" ಎಂದು ಚೀರಿದೆ. ಓಡಿ ಬಂದರು. "ನೀ ನಡಿ, ನಾ ಹಿಂದ ಬರ್ತೀನಿ." ಅವರ ಕಣ್ಣು ಕೊಳವೆಗೆ ತಾಗಿದ್ದೇ ತಡ, ಇಳಿದು ಓಡಿದೆ.

ಮಸ್ಕಿಯಲ್ಲಿ ಅಪ್ಪನ ಮುಖ ಬೂದಿಯಾಗಿತ್ತು. ಡಾಕ್ಟರು ಸೂಜಿ ಚುಚ್ಚಿ, ಅಲುಗಾಡಬಾರದೆಂದು ಹೇಳಿ ಹೋಗಿದ್ದರು. ಅಪ್ಪನ ಕಾಲೊತ್ತುತ್ತ ಕೂತರೂ ಮನಸ್ಸು ಮಾಳಿಗೆಗೆ ಓಡುತ್ತಿತ್ತು. ಚಿತ್ರ ಬಂತೋ ಇಲ್ಲವೋ? ಈ ಮನುಷ್ಯ ಇನ್ನೂ ಯಾಕೆ ಬರಲಿಲ್ಲ? ಸಿಟ್ಟು, ದಿಗಿಲು ಎರಡೂ ಒಟ್ಟಿಗೇ.

ಮೂರನೆಯ ದಿನ ಮುಂಜಾನೆಯ ಬಸ್ಸಿಗೆ ಗಂಡ ಬಂದರು, ಹೆಗಲಲ್ಲಿ ದುರ್ಬೀನಿನ ಪೆಟ್ಟಿಗೆ. "ಫೋಟೊ ತೊಳೆಯೂದ್ರಾಗ ತಡ ಆತು," ಎನ್ನುತ್ತ ಜೇಬಿನಿಂದ ಅದನ್ನು ತೆಗೆದು ಅಪ್ಪನ ಕೈಗಿಟ್ಟರು. ಬೂದು ಆಕಾಶ, ನಡುವೆ ಎಳ್ಳಿನಷ್ಟು ಬಿಳಿ ಕುಡುಗೋಲು.

"ಚಂದ್ರಾಮ ಅಲ್ಲೇನಪಾ?"

"ಅಲ್ರಿ ಮಾವಾರ, ಬೆಳ್ಳಿ. ಹೊತ್ತು ಮೂಡಿದ ಮ್ಯಾಲ ತೆಗೆದದ್ದು."

ಅಪ್ಪ ಎದ್ದು ಕೂತ. "ಹಂಗಾರ ಈಗೂ ಐತೇನು? ತೋರಸು."

ಮಲಗು ಎಂದರೆ ಕೇಳಲಿಲ್ಲ. ಗಂಡನೂ ಸೋದರಮಾವನೂ ಹೆಗಲು ಕೊಟ್ಟು ಹಿತ್ತಲಿಗೆ ಒಯ್ದರು. ಸೂರ್ಯ ಮರೆಯಾಗುವಂತೆ ಗೋಡೆಯ ನೆರಳಲ್ಲಿ ಹೊರಸು ಹಾಕಿ ಮಲಗಿಸಿದೆವು. ಮಲಗಿದವನಿಗೆ ದುರ್ಬೀನು ಒಗ್ಗದು; ಬೆನ್ನು ಹತ್ತಿ ಅದರ ದಾರಿ ಅರಿತಿದ್ದ ಗಂಡ ಬರಿಗಣ್ಣಲ್ಲೇ ಹುಡುಕಿ ಬೆರಳು ಚಾಚಿದರು. ಅಪ್ಪ ಕಣ್ಣು ಕಿರಿದು ಮಾಡಿ ಆ ಬೆರಳ ತುದಿಯನ್ನೇ ಹಿಂಬಾಲಿಸಿದ.

"ಕಂಡ್ತು... ಹೋತು... ಏ, ಮತ್ತ ಕಂಡ್ತು ನೋಡು!"

ಅಪ್ಪನ ಕಣ್ಣಿಂದ ನೀರು ಕಿವಿಗಿಳಿಯುತ್ತಿತ್ತು. ಒರೆಸಲು ಹೋದರೆ ನನ್ನ ಕೈ ತಳ್ಳಿದ.

ಗಂಡ ಅಂದೇ ದುರ್ಬೀನು ಒಪ್ಪಿಸಲು ಸಿಂಧನೂರಿಗೆ ಓಡಿದರು. ನಾನು ಉಳಿದೆ. ಅಪ್ಪ ದಿನದಿನಕ್ಕೆ ಚೇತರಿಸಿಕೊಂಡ; ಬೆಳಗಾದರೆ ಹೊರಸು ಹೊರಗೆ ಹಾಕೆಂದು ಜಗಳ ತೆಗೆಯುತ್ತಿದ್ದ. ಮುಂಗಾರಿನ ಮೋಡ ಕವಿದ ದಿನ ನನ್ನನ್ನು ತಾನೇ ಬಸ್ಸಿಗೆ ಹತ್ತಿಸಿ, "ಮೋಡ ಹರಿದ ಮ್ಯಾಲ ಇಬ್ರೂ ಬರ್ರಿ," ಎಂದ.