ಹಳದಿ ಹೂವಿನ ತೋಟ, ನೀಲಿ ಡ್ರಮ್

ಡೊಂಬಿವಲಿ, ಕಲ್ಯಾಣ, ಠಾಣೆಗಳ ಮದುವೆ ವಯಸ್ಸಿನ ಹುಡುಗಿಯರಲ್ಲಿ ಎಷ್ಟೋ ಮಂದಿ ಒಂದೇ ತೋಟದಲ್ಲಿ ನಿಂತವರು. ಹಿಂದೆ ಹಳದಿ ಹೂವಿನ ಸಾಲು, ಬಲಕ್ಕೆ ಕಲ್ಲಿನ ಕಾರಂಜಿ, ತುಸು ಮಂಕಾದ ಬಿಸಿಲು. ಆ ತೋಟ ಎಲ್ಲಿದೆಯೆಂದು ದೇಜಪ್ಪನವರಿಗೂ ಗೊತ್ತಿಲ್ಲ. ಘಣಸೋಲಿಯ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಅವರು ಕೆಲಸಕ್ಕೆ ಸೇರುವ ಮೊದಲೇ ಅದು ಇತ್ತು. ಫೋಟೊಗಳಲ್ಲಿ ಹುಡುಗಿಯರನ್ನು ಅವರವರ ಮನೆಯ ಗೋಡೆಯಿಂದ ಬಿಡಿಸಿ ತಂದು ಅಲ್ಲಿ ನಿಲ್ಲಿಸುವುದು ಅವರ ಕೆಲಸ.

ದೇಜಪ್ಪನವರು ಮುಂಬಯಿಗೆ ಬಂದದ್ದು ಚಿಕ್ಕಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರಲು. ಹೋಟೆಲು ಮುಚ್ಚಿತು. ಪಕ್ಕದ ಸ್ಟುಡಿಯೊದವರು ಕತ್ತಲೆ ಕೋಣೆಯ ಕೆಲಸಕ್ಕೆ ಕರೆದರು. ಕತ್ತಲೆ ಕೋಣೆಯೂ ಹೋಗಿ ಕಂಪ್ಯೂಟರು ಬಂತು. ಅವರು ಅದನ್ನೂ ಕಲಿತರು. ಈಗ ಅರವತ್ತರ ಹತ್ತಿರ. ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು ಗಾಡಿ ಬದಲಿಸಿ ಘಣಸೋಲಿ ಮುಟ್ಟುವಷ್ಟರಲ್ಲಿ ಅರ್ಧ ಜೀವ ಮುಗಿದಿರುತ್ತದೆ. ಉಳಿದರ್ಧವನ್ನು ಪರದೆ ತಿನ್ನುತ್ತದೆ.

ಕಂಪ್ಯೂಟರಿನಲ್ಲಿ ಯಾವ ಫೋಟೊ ತೆರೆದರೂ ಮೂಲಚಿತ್ರ ತಳದ ಪದರವಾಗಿ ಕೂರುತ್ತದೆ, ಪಕ್ಕದಲ್ಲಿ ಪುಟ್ಟ ಬೀಗದ ಗುರುತು. ಅದನ್ನು ಸರಿಸಲಾಗದು, ಅಳಿಸಿದರೆ ಹಿಂದಿನದು ಕಾಣದು, ಬರೀ ಬಣ್ಣ ಬಳಿದುಕೊಳ್ಳುತ್ತದೆ. ಆ ಬೀಗ ತೆಗೆಯುವುದು ಸುಲಭ. ದೇಜಪ್ಪನವರು ತೆಗೆಯುವುದಿಲ್ಲ. ಪದರದ ನಕಲು ಮಾಡಿಕೊಂಡು ಕತ್ತರಿಸುವುದೆಲ್ಲ ನಕಲಿನ ಮೇಲೆ. ಮುಗಿದ ಬಳಿಕ ಮಿಕ್ಕ ಪದರಗಳನ್ನೆಲ್ಲ ಒಮ್ಮೆಗೇ ಮರೆಮಾಡಿ, ತಳದ್ದೊಂದನ್ನೇ ನೋಡಿ, ಮುಖದ ಬಣ್ಣ ಎಷ್ಟು ಬದಲಾಗಿದೆಯೆಂದು ಹೋಲಿಸುತ್ತಾರೆ. ಆಮೇಲೆ ಪದರಗಳನ್ನು ಮತ್ತೆ ತೋರಿಸಿ ಉಳಿಸುತ್ತಾರೆ.

ಆ ಗುರುವಾರ ಪರದೆಯ ಮೇಲಿದ್ದದ್ದು ಅವರದೇ ಮಗಳು.

ಮಾನಸಿಗೆ ಮೂವತ್ತೊಂದು. ಕಲ್ಯಾಣದ ಲ್ಯಾಬೊಂದರಲ್ಲಿ ರಿಪೋರ್ಟು ಕೊಡುವ ಕೌಂಟರಿನಲ್ಲಿ ಕೆಲಸ. ಹಿಂದಿನ ಸಲ ಬಂದ ಗಂಡಿನ ಕಡೆಯವರು ತೋಟದ ಫೋಟೊ ನೋಡಿ ಬಂದವರು, ಒಂದು ಕೋಣೆ ಒಂದು ಅಡುಗೆಮನೆಯನ್ನು ಕಣ್ಣಲ್ಲೇ ಅಳೆದು, ಚಾ ಕುಡಿದು ಹೋದರು. ಫೋನು ಬರಲಿಲ್ಲ. ಈ ಸಲ ಟಿಟ್ವಾಳಾದ ಜಯಲತಾ. ಊರಿನವರ ಸಂಘದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ದೇಜಪ್ಪನವರ ಹೆಂಡತಿ ಅಕ್ಕುವಿಗೆ ಪರಿಚಯವಾದವರು; ಮಗ ಯತಿನ್‌ಗೆ ಹುಡುಗಿ ಹುಡುಕುತ್ತಿದ್ದರು.

"ಯೇ ಲಾಸ್ಟ್ ಹೈ, ಪಪ್ಪಾ," ಎಂದಿದ್ದಳು ಮಾನಸಿ. "ಇದಾಗ್ಲಿಲ್ಲ ಅಂದ್ರೆ ನನ್ನ ಫೋಟೊ ಯಾರಿಗೂ ಕಳಿಸ್ಬೇಡಿ."

"ಹಾಗೆಲ್ಲ ಹೇಳ್ಲಿಕ್ಕುಂಟಾ?"

"ಹೇಳಿದೆನಲ್ಲ. ಗಾರ್ಡನ್ ಡಾಲೋ, ಫೌಂಟನ್ ಡಾಲೋ, ನಿಮ್ಮಿಷ್ಟ. ಆ ಬನಿಯನ್ ಮಾತ್ರ ತೆಗೀರಿ, ಪ್ಲೀಸ್."

ಫೋಟೊ ತೆಗೆದವಳು ಪಕ್ಕದ ಮನೆಯ ಸೋನಾಲಿ. ಹಸಿರು ಸೀರೆಯ ಮಾನಸಿ ಚೆನ್ನಾಗಿಯೇ ಬಂದಿದ್ದಳು. ಅವಳ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ನೀರಿನ ನೀಲಿ ಡ್ರಮ್ಮೂ ಬಂದಿತ್ತು. ಗೋಡೆಯ ತೇವದ ಕಲೆ ಬಂದಿತ್ತು. ನೈಲಾನ್ ಹಗ್ಗದಲ್ಲಿ ದೇಜಪ್ಪನವರ ಬನಿಯನ್ನೂ ಬಂದಿತ್ತು.

ಗುಂಗುರು ಕೂದಲನ್ನು ಗೋಡೆಯಿಂದ ಬಿಡಿಸುವಷ್ಟರಲ್ಲಿ ಸಂಜೆಯಾಯಿತು. ತೋಟ ಹಾಕಿದರು. ರೂಢಿಯಂತೆ ಮೇಲಿನ ಪದರಗಳನ್ನು ಮರೆಮಾಡಿ ಮಗಳ ಮುಖ ನೋಡಿದರು. ಕಣ್ಣು ಉರಿಯುತ್ತಿತ್ತು. ಕನ್ನಡಕ ತೆಗೆದು ಎರಡೂ ಕಣ್ಣಿಗೆ ಔಷಧ ಬಿಟ್ಟುಕೊಂಡರು.

"ದೇಜಪ್ಪ ಅಂಕಲ್, ಶಟರ್ ಗಿರಾವೂ ಕ್ಯಾ?" ಎಂದು ಸ್ಟುಡಿಯೊದ ಮಾಲೀಕ ಮಯೂರ್ ಬಾಗಿಲಿನಿಂದ ಕೂಗಿದ. "ಇವತ್ತು ಇಲ್ಲೇ ಮಲಗ್ತೀರಾ?"

"ಬಂದೆ ಮಾರಾಯ."

ಮಂಜುಗಣ್ಣಿನಲ್ಲೇ ಫೋಟೊ ಉಳಿಸಿ, ಕಂಪ್ಯೂಟರಿನಿಂದಲೇ ಜಯಲತಾರ ವಾಟ್ಸ್ಯಾಪಿಗೆ ಕಳಿಸಿದರು. ಕೈಗೆ ದಾರಿ ಗೊತ್ತಿತ್ತು.

ಠಾಣೆಯಿಂದ ಡೊಂಬಿವಲಿಯವರೆಗೆ ಜೇಬಿಗೆ ಕೈ ಹಾಕಲು ಆಗದಷ್ಟು ರಶ್ಶು. ಇಳಿದ ಮೇಲೆ, ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ, ಕನ್ನಡಕ ಏರಿಸಿ ಫೋನು ತೆರೆದರು. ಪರದೆಯಲ್ಲಿ ತೋಟವಿರಲಿಲ್ಲ. ಡ್ರಮ್ ಇತ್ತು, ಕಲೆ ಇತ್ತು, ಬನಿಯನ್ ಇತ್ತು. ಮರೆಮಾಡಿದ ಪದರಗಳನ್ನು ತೋರಿಸದೆಯೇ ಉಳಿಸಿದ್ದರು. ಹೋದದ್ದು ಬೀಗದ ಗುರುತಿನ ತಳದ ಫೋಟೊ.

ಅಳಿಸಿಬಿಡಬಹುದಿತ್ತು. ಬೆರಳು ಅಲ್ಲಿಯವರೆಗೂ ಹೋಯಿತು. ಆದರೆ ಎರಡು ಟಿಕ್ ಗುರುತುಗಳೂ ನೀಲಿಯಾಗಿದ್ದವು, ನೋಡಿಯಾಗಿತ್ತು. ನೋಡಿದ್ದನ್ನು ಅಳಿಸಿ ತೋಟ ಕಳಿಸಿದರೆ ಏನೆಂದುಕೊಂಡಾರು? ಕೊನೆಯದೆಂದು ಹುಡುಗಿ ಹೇಳಿದ್ದಳು. ಆ ಕೊನೆಯದನ್ನು ಅಪ್ಪನೇ ಕೆಡಿಸಿದಂತಾಯಿತು. ಜನ ಅವರನ್ನು ಸವರಿಕೊಂಡು ಹೋಗುತ್ತಲೇ ಇದ್ದರು.

ಫೋನು ರಿಂಗಾಯಿತು. ಜಯಲತಾ.

"ಫೋಟೊ ಬಂತು ಮಾರಾಯ್ರೆ. ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ."

"ಇಲ್ಲ, ಹೇಳಿ."

"ಆ ಡ್ರಮ್ಮಿಗೆ ಸ್ಟ್ಯಾಂಡ್ ಎಲ್ಲಿ ಮಾಡ್ಸಿದ್ದು? ನಮ್ಮದು ನೆಲದಲ್ಲೇ ಉಂಟು, ಬಗ್ಗಿ ಬಗ್ಗಿ ನನ್ನ ಸೊಂಟ ಹೋಯ್ತು."

ದೇಜಪ್ಪನವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಇಲ್ಲೇ, ಎಂಐಡಿಸಿ ಫ್ಯಾಕ್ಟರಿಗಳ ಹತ್ತಿರ ಒಬ್ಬ ವೆಲ್ಡಿಂಗಿನವ ಇದ್ದಾನೆ," ಎಂದರು.

"ನಂಬ್ರ ಕಳಿಸಿ. ಮತ್ತೆ, ಆ ಹಳದಿ ಹೂವಿನ ತೋಟ ಎಲ್ಲಿ ಉಂಟು ಮಾರಾಯ್ರೆ? ನಮಗೆ ಬಂದ ಫೋಟೊದ ಹುಡುಗಿಯರೆಲ್ಲ ಅಲ್ಲಿಯೇ ನಿಂತದ್ದು. ಯತಿನ್ ನಗಾಡ್ತಾನೆ, ಅಮ್ಮ, ಇವರೆಲ್ಲ ಒಂದೇ ಬಿಲ್ಡಿಂಗಿನವರಾ ಅಂತ."

"ಗೊತ್ತಿಲ್ಲ," ಎಂದರು ದೇಜಪ್ಪನವರು. ಅದು ಸುಳ್ಳೇನೂ ಆಗಿರಲಿಲ್ಲ.

"ಹುಡುಗಿ ಚಂದ ಇದ್ದಾಳೆ. ಆದಿತ್ಯವಾರ ಬರ್ತೇವೆ. ನಿಮ್ಮಲ್ಲಿ ನೀರು ಬರುವ ದಿವಸ ಅಲ್ಲವಲ್ಲ?"

"ಬಂದರೂ ಬೆಳಿಗ್ಗೆಯೇ ಬಂದು ಹೋಗ್ತದೆ. ನೀವು ಸಂಜೆ ಬನ್ನಿ."

ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದರು. ಅಕ್ಕು ಹಣೆಗೆ ಕೈ ಹಚ್ಚಿಕೊಂಡರು. "ಇಷ್ಟು ವರ್ಷ ಊರಿನ ಹುಡುಗಿಯರಿಗೆಲ್ಲ ತೋಟ ಮಾಡಿದ್ರಿ. ನಮ್ಮವಳಿಗೆ ಡ್ರಮ್ಮಾ?"

ಮಾನಸಿ ಚಪಾತಿ ಲಟ್ಟಿಸುತ್ತಿದ್ದವಳು ತಿರುಗಿದಳು.

"ಬನಿಯನ್ ಭೀ ಗಯಾ?"

"ಅದೂ ಹೋಯ್ತು."

ಅವಳು ಲಟ್ಟಣಿಗೆ ಹಿಡಿದುಕೊಂಡೇ ಅಪ್ಪನನ್ನು ನೋಡಿದಳು. ನಗು ಬಂದಂತೆ ಕಂಡಿತು, ಬಯ್ಯುವವಳಂತೆಯೂ ಕಂಡಳು. ಎರಡಕ್ಕೂ ಅವಳಲ್ಲಿ ತ್ರಾಣವಿದ್ದಂತಿರಲಿಲ್ಲ. ಅಕ್ಕು ಆಗಲೇ ಡ್ರಮ್ಮಿನ ಎದುರು ಕಟ್ಟಲು ಹಳೆಯ ಪರದೆ ಹುಡುಕತೊಡಗಿದ್ದರು.

"ರೆಹನೇ ದೋ, ಅಮ್ಮಾ, ಪರದೆ ಬೇಡ," ಎಂದಳು ಮಾನಸಿ. "ಅವ್ರು ಅದನ್ನೇ ನೋಡ್ಲಿಕ್ಕೆ ಬರ್ತಿದ್ದಾರೆ."

ದೇಜಪ್ಪನವರು ಹಗ್ಗದಿಂದ ಬನಿಯನ್ ತೆಗೆದು, ಅದರಲ್ಲೇ ಮುಖ ಒರೆಸಿಕೊಂಡು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಗೋಡೆಯ ತೇವ ಬೆನ್ನಿಗೆ ತಣ್ಣಗೆ ತಾಗಿತು. ಅವರು ಸರಿಯಲಿಲ್ಲ.